ಕೈಯಲ್ಲಿ ಹಿಡಿದ ಚಪ್ಪಲಿ

ನಿರ್ದೇಶಕರಿಗೆ ನಮಸ್ಕಾರ.

ಶೆಟ್ಟಿಹಳ್ಳಿಯ ಪಾಳು ಚರ್ಚಿನ ಹತ್ತಿರ ನಿಮ್ಮ ಸಿನಿಮಾದಲ್ಲಿ ಬೇರೆ ಗ್ರಹದ ಕಾಡುಜನರಾಗಿ ನಿಂತ ಇಪ್ಪತ್ತು ಮಂದಿಯಲ್ಲಿ ನಾನು, ನನ್ನ ಅಜ್ಜಿ ಸಣ್ಣಕ್ಕ ಇಬ್ಬರೂ ಇದ್ದೆವು. ನಮ್ಮ ಮೈಬಣ್ಣ ಸಾಲದೆಂದು ಮೇಲೆ ಕಪ್ಪು ಬಳಿಸಿದಿರಿ. ಅದರ ಬಗ್ಗೆ ಬರೆಯುತ್ತಿಲ್ಲ, ಅದು ತೊಳೆದರೆ ಹೋಯಿತು.

ಬಿಳಿ ಉಡುಪಿನ ನಾಯಕ ಆಕಾಶನೌಕೆಯಿಂದ ಇಳಿದಾಗ ಅಜ್ಜಿ ನೀವು ಕೊಟ್ಟಿದ್ದ ನಾರಿನ ಚಪ್ಪಲಿ ಕಳಚಿ, ಕೈಯಲ್ಲಿ ಹಿಡಿದು, ತಲೆ ತಗ್ಗಿಸಿ ನಿಂತಳು. ಯಾರೂ ಹೇಳಿಕೊಟ್ಟಿರಲಿಲ್ಲ. ನಿಮಗೆ ಬಹಳ ಹಿಡಿಸಿತು. ಎಲ್ಲಿ ಕಲಿತೆ ಎಂದು ಕೇಳಿದಿರಿ.

"ಕಲಿಯಾದೇನು ಸಾ, ಚಿಕ್ಕೋಳಿದ್ದಾಗ ದೊಡ್ಡೋರ ಬೀದೀಲಿ ಅಂಗೇ ಓಗ್ತಿದ್ದೊ" ಎಂದಳು.

ನೀವು ನಕ್ಕು, ಎಲ್ಲರೂ ಹಾಗೇ ಮಾಡಿ ಎಂದಿರಿ.

ದಯವಿಟ್ಟು ಆ ದೃಶ್ಯ ತೆಗೆದುಹಾಕಿ. ಆಗದಿದ್ದರೆ ನನ್ನ ಮುಖವನ್ನಾದರೂ ಕತ್ತರಿಸಿ. ನಮ್ಮೂರ ಆ ಬೀದಿಯಲ್ಲಿ ಚಪ್ಪಲಿ ಹಾಕಿಕೊಂಡೇ ನಡಿ ಎಂದು ಅಜ್ಜಿಯ ಜೊತೆ ಆರು ವರ್ಷ ಜಗಳವಾಡಿ, ಕೊನೆಗೆ ಕೈಹಿಡಿದು ನಡೆಸಿದವಳು ನಾನು. ನೀವು ಒಂದು ಸಲ ಹೇಳಿದಿರಿ, ನಾನೂ ಕಳಚಿದೆ.

ಇಂತಿ,
ಶೋಭಿತಾ
(ಸಾಲಿನಲ್ಲಿ ಎಡದಿಂದ ಮೂರನೆಯವಳು)