ಅಕ್ಕ ಮೊದಲು ತಿಂದ ಸುಶಿ

ಶನಿವಾರ, ಮಾರ್ಚ್ ೧೪

ನಿದ್ದೆ ಎಲ್ಲಿಂದ ಬರಬೇಕು? ಇವತ್ತು ಸುಶಿ ತಿಂದೆ! ಸೀಗಡಿಯ ಚೂರು ತಾಗಿದರೂ ಗಂಟಲು ಊದಿಕೊಳ್ಳುವ ನಾನು, ಹೊಟ್ಟೆ ತುಂಬ ಮೀನಿನ ಸುಶಿ ತಿಂದು ಬಂದು ಆರಾಮಾಗಿ ಬರೆಯುತ್ತಾ ಕೂತಿದ್ದೇನೆ.

ಜಪಾನಿ ಹೋಟೆಲಿನ ಬಾಣಸಿಗರು ನನಗೆಂದೇ ಬೇರೆ ಹಲಗೆ, ಬೇರೆ ಚಾಕು ತೆಗೆದರು, ಕೈಗವಸು ಬದಲಿಸಿದರು. ಆದರೂ ಅಕ್ಕ ಹಳೇ ಚಾಳಿ ಬಿಡಲಿಲ್ಲ. "ತಡಿಯೇ, ನಾನು ಮೊದ್ಲು ತಿಂದು ನೋಡ್ತೀನಿ" ಎಂದು ನನ್ನ ತಟ್ಟೆಗೆ ಕೈ ಹಾಕಿದಳು.

ಬಾಣಸಿಗರು ನಕ್ಕರು. "ಅಲರ್ಜಿ ಇರೋದು ಅವರಿಗೆ. ನೀವು ತಿಂದು ನೋಡಿದ್ರೆ ಏನ್ ಗೊತ್ತಾಗುತ್ತೆ?"

ಹೌದಲ್ಲ! ಚಿಕ್ಕಂದಿನಿಂದ ನಮ್ಮಿಬ್ಬರಿಗೂ ಇದು ಹೊಳೆದೇ ಇರಲಿಲ್ಲ. ನನಗೆ ನಗು ತಡೆಯಲಾಗಲಿಲ್ಲ. ಅಕ್ಕ ಸಿಟ್ಟಿನಲ್ಲಿ ಸುಶಿಯ ಜೊತೆ ವಾಸಾಬಿಯ ಹಸಿರು ಉಂಡೆಯನ್ನೂ ಇಡಿಯಾಗಿ ಬಾಯಿಗೆ ಹಾಕಿಕೊಂಡಳು. ಮುಖ ಕೆಂಪಾಯಿತು, ಕಣ್ಣು ಮೂಗಲ್ಲೆಲ್ಲ ನೀರು, ಮಾತೇ ಇಲ್ಲ. ನನ್ನ ಜೀವ ಬಾಯಿಗೆ ಬಂತು. ಚೀಲದಿಂದ ನನ್ನ ಅಲರ್ಜಿಯ ಇಂಜೆಕ್ಷನ್ ತೆಗೆದು ಅವಳ ತೊಡೆಗೆ ಚುಚ್ಚೇಬಿಡುವುದರಲ್ಲಿದ್ದೆ.

"ಅಯ್ಯೋ, ಖಾರ ಕಣೇ!" ಎಂದು ಕಿರುಚಿದಳು.

ಆಮೇಲೆ ಉಳಿದದ್ದನ್ನೆಲ್ಲ ನಾನೇ ತಿಂದೆ, ಒಂದು ಅಗುಳೂ ಬಿಡದೆ. ಎಂಥ ರುಚಿ! ಅಕ್ಕ ಎಂದಿನಂತೆ ನನ್ನ ಮುಖವನ್ನೇ ನೋಡುತ್ತ ಕೂತಿದ್ದಳು. ಆ ನೋಟಕ್ಕೆ ಯಾವಾಗಲೂ ರೇಗುತ್ತೇನೆ. ಇವತ್ತು ರೇಗಲಿಲ್ಲ. ಇಂಜೆಕ್ಷನ್ ಹಿಡಿದಾಗ ನಾನೂ ಅವಳ ಮುಖವನ್ನು ಹಾಗೇ ನೋಡಿದ್ದೆನಲ್ಲ.