ಸಾಲು ಹಿಡಿದವಳು

ಬೇಗೂರು
8 ಫೆಬ್ರವರಿ 2026

ಮುದ್ದಿನ ಮಗಳು ಲತಾಮಣಿಗೆ, ಚಿಕ್ಕಮ್ಮ ದೇವೀರಮ್ಮ ಬರೆಯುವುದು.

ನೀನೂ ನಿನ್ನ ಮಗಳು ಮಾನಸಾಳೂ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ಫೋನಿನಲ್ಲಿ ನೀನು ಕೇಳಿದ್ದಕ್ಕೆ ಅವತ್ತೇ ಉತ್ತರ ಕೊಡಬೇಕಿತ್ತು. ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ದಿನಚರಿ ಬರೆದೂ ಬರೆದೂ ನನಗೆ ಕಾಗದದ ಮೇಲೆ ಮಾತ್ರ ಮಾತು ಬರುತ್ತದೆ.

ಇಲ್ಲಿ ಕಾಫಿ ಕುಯ್ಲು ಮುಗಿಯಿತು. ಬೇಲಿಯ ಹತ್ತಿರ ಆನೆ ಬಂದರೆ ತಗಡು ಬಡಿಯುತ್ತಿದ್ದವಳು ನನ್ನಕ್ಕ, ನಿನ್ನವ್ವ. ಈಗ ಬಂದರೆ ಅದು ಹೋಗುವ ತನಕ ಸುಮ್ಮನೆ ಕೂತು ಕೇಳಿಸಿಕೊಳ್ಳುತ್ತೇನೆ.

"ಅವ್ವ ಸತ್ತು ತಿಂಗಳಾಗಿಲ್ಲ, ಶಾಲು ಹೊದ್ಕಂಡು ನಗ್ತಾ ನಿಂತಿದ್ದೀರಲ್ಲ ಚಿಕ್ಕಮ್ಮ! ಅವ್ವನ ಹೆಸರು ಒಂದ್ಸಲನಾದ್ರೂ ಹೇಳಿದ್ರಾ?" ಎಂದು ನೀನು ಸನ್ಮಾನದ ಫೋಟೋ ನೋಡಿ ಕೇಳಿದೆ. ಇಲ್ಲ, ವೇದಿಕೆಯ ಮೇಲೆ ಹೇಳಲಿಲ್ಲ.

ತೋಟದ ಕೂಲಿಯವರ ನಮ್ಮ ಲೈನ್ ಮನೆಗಳ ಹೆಂಗಸರು ವೋಟು ಹಾಕಿದ್ದೇ ಇಲ್ಲದ ಕಾಲವೊಂದಿತ್ತು. ಹಾಕಬೇಡಿ ಎಂದು ಯಾರೂ ಹೇಳುತ್ತಿರಲಿಲ್ಲ. ಆ ದಿನ ನಮಗೆ ಗದ್ದೆ ಕೆಲಸ ಇರುತ್ತಿತ್ತು, ಅಷ್ಟೇ. ನಾಟಿಯಲ್ಲಿ ಸಾಲು ಹಿಡಿಯುವವಳು ನಿನ್ನವ್ವ. ಅವಳು ಮೊದಲ ಪೈರು ಊರುವವರೆಗೆ ಬೇರೆ ಯಾರೂ ಕೆಸರಿಗೆ ಕೈ ಹಾಕುವಂತಿರಲಿಲ್ಲ.

ಆ ವರ್ಷ ಮಳೆ ತಡ, ನಾಟಿಯೂ ತಡ, ವೋಟಿನ ದಿನವೇ ಬಿತ್ತು. ಅಕ್ಕ ಬಂದಳು, ಪೈರಿನ ಕಟ್ಟನ್ನು ಮಡಿಲಲ್ಲಿಟ್ಟುಕೊಂಡು ಬದುವಿನ ಮೇಲೆ ಕೂತಳು. ಏಳಲಿಲ್ಲ. ನಾವೂ ನಿಂತೆವು.

ಯಜಮಾನರ ಮಲೆಯಾಳಿ ಕಾರ್ಯಸ್ಥ ಕುಞ್ಞಿರಾಮನ್ ಬಂದು ಅಕ್ಕನಿಗೆ, "ಏನು ಸಣ್ಣಮ್ಮಾ, ಕಾಲು ನೋವಾ?" ಎಂದ.

"ಕಾಲು ಚೆನ್ನಾಗೈತೆ. ಅದಕ್ಕೇ ಇಸ್ಕೂಲ್ ಗಂಟ ನಡ್ಕಂಡು ಹೋಗಿ ವೋಟ್ ಹಾಕವ ಅಂತಿದೀವಿ."

"ಕಿತ್ತ ಪೈರು ಬಾಡಿ ಹೋಗ್ತದಲ್ಲ?"

"ನಾವೂ ಬಾಡ್ತಾನೇ ಇದೀವಲ್ಲ, ನೀನು ನೋಡ್ಲಿಲ್ವಾ?"

ನಾವೆಲ್ಲ ಸೆರಗು ಬಾಯಿಗಿಟ್ಟುಕೊಂಡು ನಕ್ಕೆವು. ಕುಞ್ಞಿರಾಮನ್ ಯಜಮಾನರ ಮನೆಗೆ ಹೋಗಿ ಬಂದ. ಉಳಿದವರು ಹೋಗಬಹುದು, ಸಾಲು ಹಿಡಿಯುವವಳು ಮಾತ್ರ ನಿಲ್ಲಬೇಕು, ಕಿತ್ತ ಪೈರು ಕತ್ತಲಾಗುವುದರೊಳಗೆ ಮಣ್ಣು ಸೇರಬೇಕು ಎಂದು ಅಪ್ಪಣೆಯಾಗಿತ್ತು. ನಾವು ಯಾರೂ ಹೋಗುವುದಿಲ್ಲ ಎಂದೆವು. ಅಕ್ಕನೇ ಗದರಿದಳು: "ಹೋಗ್ರೇ! ನಾನು ಕುಂತಿದ್ದು ಯಾತಕ್ಕೆ ಮತ್ತೆ?" ಎನ್ನುತ್ತಲೇ ಕೆಸರಿಗಿಳಿದು ಬಗ್ಗಿದಳು.

ಬೆರಳಿಗೆ ಮಸಿ ಹಾಕಿಸಿಕೊಂಡು ಬಂದು ನಾವೂ ಗದ್ದೆಗಿಳಿದೆವು. ನಾಟಿ ಮುಗಿಯುವ ಹೊತ್ತಿಗೆ ಬೂತು ಮುಚ್ಚಿತ್ತು. ಮುಂದಿನ ಚುನಾವಣೆಯಿಂದ ನಮ್ಮನ್ನು ಯಾರೂ ತಡೆಯಲಿಲ್ಲ, ಅಕ್ಕನೂ ಒಂದನ್ನೂ ಬಿಡದೆ ಹಾಕಿದಳು. ಆದರೆ ಆ ಮೊದಲ ದಿನ ಹಾಕಿದವರಲ್ಲಿ ಅವಳಿಲ್ಲ.

ಆ ದಿನ ವೋಟು ಹಾಕಿದ ಹೆಂಗಸರಿಗೆಂದು ಈಗ ಸನ್ಮಾನ ಇಟ್ಟುಕೊಂಡವರು ವಾಯನಶಾಲೆಯವರು. ಅದೇ, ಚಿಕ್ಕವಳಿದ್ದಾಗ ನೀನು ಕನ್ನಡ ಪುಸ್ತಕ ಹುಡುಕಿಕೊಂಡು ಹೋಗಿ ಬರಿಗೈಯಲ್ಲಿ ಬರುತ್ತಿದ್ದ ಓದುಕೋಣೆ. ಅವತ್ತು ವೋಟು ಹಾಕಿದವರಲ್ಲಿ ಉಳಿದಿರುವವಳು ನಾನೊಬ್ಬಳೇ. ತೀರಿಹೋದವರ ಫೋಟೋಗಳಿಗೆ ಹಾರ ಹಾಕಿ ಸಾಲಾಗಿ ಇಟ್ಟಿದ್ದರು. ಅದರಲ್ಲಿ ಅಕ್ಕ ಇರಲಿಲ್ಲ. ಅಲ್ಲಿಯ ಕಾರ್ಯದರ್ಶಿ ಶ್ರೀಜಳನ್ನು ಕರೆದು, ಸಣ್ಣಮ್ಮನ ಹೆಸರು ಮೊದಲು ಕೂಗು ಎಂದೆ.

"ಅವರು ಅವತ್ತು ವೋಟ್ ಹಾಕಿಲ್ವಲ್ಲ, ಅಮ್ಮೂಮ್ಮೇ," ಎಂದು ಬಹಳ ಮೆತ್ತಗೆ ಹೇಳಿದಳು. ಒಳ್ಳೆಯ ಹುಡುಗಿ, ಸ್ವಂತ ಅಜ್ಜಿಯ ಹಾಗೆ ನನ್ನನ್ನು ಅಮ್ಮೂಮ್ಮ ಎಂದೇ ಕರೆಯುತ್ತಾಳೆ.

ಆಮೇಲೆ ಮೈಕಿನಲ್ಲಿ ನನ್ನ ಹೆಸರು ಕರೆದರು. ನಾನು ಏಳಲಿಲ್ಲ. ಅಕ್ಕ ಕೂತ ಹಾಗೆಯೇ ಕೈ ಮಡಿಲಲ್ಲಿಟ್ಟುಕೊಂಡು ಕೂತೆ. ಮತ್ತೆ ಕರೆದರು. ಎಲ್ಲರೂ ತಿರುಗಿ ನೋಡಿದರು.

"ಕಾಲು ನೋವಾ, ಅಮ್ಮೂಮ್ಮೇ?" ಎಂದು ಶ್ರೀಜ ಓಡಿ ಬಂದಳು.

ಅಕ್ಕನ ಉತ್ತರ ನನಗೆ ಬಾಯಿಪಾಠ ಇತ್ತು. ಅಷ್ಟರಲ್ಲಿ ಇಬ್ಬರು ಬಂದು ನನ್ನ ಎರಡೂ ತೋಳು ಹಿಡಿದು ಜೋಪಾನವಾಗಿ ಎಬ್ಬಿಸಿ ವೇದಿಕೆಗೆ ನಡೆಸಿದರು. ಜನ ಚಪ್ಪಾಳೆ ತಟ್ಟಿದರು. ಇಷ್ಟು ವಯಸ್ಸಾದರೂ ಬಂದಿದ್ದಾರಲ್ಲ ಎಂದು ಯಾರೋ ಹೊಗಳಿದರು. ಫೋಟೋವನ್ನು ಇನ್ನೊಂದು ಸಲ ನೋಡು ಮಣಿ. ನನ್ನ ತೋಳಿನ ಮೇಲೆ ಬೇರೆಯವರ ಕೈಗಳಿವೆ. ನಗು ಎಂದು ನಿನಗೆ ಕಂಡದ್ದು ನಗುವಲ್ಲ.

ಶಾಲು ಅಕ್ಕನ ಪೆಟ್ಟಿಗೆಯ ಮೇಲಿದೆ. ನೀನು ಬಂದಾಗ ತೆಗೆದುಕೊಂಡು ಹೋಗು. ಮಾನಸಾಳ ಮೊದಲ ವೋಟು ಬರುವಷ್ಟರಲ್ಲಿ ಈ ಕತೆ ಅವಳಿಗೆ ಹೇಳಿರು. ನಿಮ್ಮಿಬ್ಬರ ತಲೆಯ ಮೇಲೆ ಕೈಯಿಟ್ಟಿದ್ದೇನೆಂದು ತಿಳಿದುಕೊಳ್ಳಿ. ಸುಖವಾಗಿರಿ.

ನಿನ್ನ ಚಿಕ್ಕಮ್ಮ,
ದೇವೀರಮ್ಮ

ಇನ್ನೊಂದು ಮಾತಿದೆ. ಮರೆತು ಉಳಿದದ್ದಲ್ಲ, ಬರೆಯಲು ಕೈ ಬಾರದೆ ಕೊನೆಗೆ ಉಳಿಯಿತು. ಸನ್ಮಾನದ ಸುದ್ದಿ ಬಂದಾಗ ಅಕ್ಕ ಇನ್ನೂ ಇದ್ದಳು. ತನ್ನನ್ನೂ ಕರೆಯಲು ಬರುತ್ತಾರೆಂದು, ಯಾವಾಗಲೋ ಪನಮರದ ಪೇಟೆಯಲ್ಲಿ ಕೊಂಡಿದ್ದ ನೀಲಿ ಸೀರೆಗೆ ಗಂಜಿ ಹಾಕಿ ಒಣಗಿಸಿ, ಮಡಿಸಿ ಹಾಸಿಗೆಯ ಕೆಳಗೆ ಇಟ್ಟಿದ್ದಳು. ಶ್ರೀಜ ಬಂದು ನನ್ನೊಬ್ಬಳನ್ನೇ ಕರೆದಳು. "ಅವತ್ತು ಬೂತಿಗೆ ಹೋದೋರಿಗೆ ಮಾತ್ರನಾ?" ಎಂದು ಅಕ್ಕ ಕೇಳಿದಳು. ಶ್ರೀಜ ಹೌದು ಎಂದ ಮೇಲೆ ಅಕ್ಕ ಅವಳಿಗೆ ಚಹಾ ಕೊಟ್ಟು, ಲೋಟ ತೊಳೆಯಲು ಒಳಗೆ ಹೋದಳು. ಸೀರೆ ಪೆಟ್ಟಿಗೆ ಸೇರಿತು. ಕೊನೆಯ ದಿನ ಅದನ್ನೇ ಅಕ್ಕನಿಗೆ ಉಡಿಸುವಾಗ ನೆರಿಗೆ ಕೂರುತ್ತಲೇ ಇರಲಿಲ್ಲ, ಗಂಜಿಯ ಗರಿಗರಿ ಇನ್ನೂ ಇತ್ತು. ಹೊಸ ಸೀರೆಯಾ ಚಿಕ್ಕಮ್ಮ ಎಂದು ನೀನು ಕೇಳಿದೆ. ನಾನು ಹೂಂ ಎಂದಿದ್ದೆ. ಹೊಸದಲ್ಲ, ಮಗಳೇ.