ಈ ಚಳಿಗಾಲ ಯೂಮಾಕ್ಕೆ ಬರುವುದಿಲ್ಲ

ಸಲೀನಾಸ್
ನವೆಂಬರ್ 9

ಪ್ರೀತಿಯ ನಬೋರ್ ಅಣ್ಣನಿಗೆ,

ನನ್ನ ಅಕ್ಷರ ಸೊಟ್ಟಗಿದೆ, ತಪ್ಪುಗಳೂ ಇರುತ್ತವೆ. ಆರನೇ ತರಗತಿ ಬಿಟ್ಟ ಮೇಲೆ ಇಷ್ಟುದ್ದ ಬರೆದಿಲ್ಲ, ಬೇಸರಿಸಬೇಡ.

ಇಲ್ಲಿ ಲೆಟಿಸ್ ಸೊಪ್ಪಿನ ಕೊಯ್ಲು ಮುಗಿದು ಮನೆಯವರೆಲ್ಲ ನಿನ್ನ ಹಿಂದೆಯೇ ಯೂಮಾದ ಹೊಲಗಳಿಗೆ ಬಂದುಬಿಟ್ಟರು. ಒಬ್ಬಳಿಗೆ ಎಷ್ಟು ರೊಟ್ಟಿ ತಟ್ಟಬೇಕೆಂದು ನನಗಿನ್ನೂ ಗೊತ್ತಾಗುತ್ತಿಲ್ಲ.

ಇಲ್ಲಿನ ಕಾಲೇಜಿನ ಸಂಜೆ ತರಗತಿಯ ವಿಷಯ ನಿನಗೆ ಹೇಳಿರಲಿಲ್ಲ. ಇಂಗ್ಲಿಷ್ ಕಲಿಯಲು ಹೋದವಳು ಮೊದಲ ದಿನವೇ ತಪ್ಪಿ ವೆಲ್ಡಿಂಗ್ ತರಗತಿಗೆ ಹೊಕ್ಕೆ. ಎದ್ದು ಬರಲು ನಾಚಿಕೆಯಾಗಿ ಎರಡು ವಾರ ಅಲ್ಲೇ ಉಳಿದೆ. ಕೊನೆಗೆ ಒಕಾಂಪೊ ಮೇಷ್ಟ್ರು, "ಏನಮ್ಮಾ, ಪಟ್ಟೀಲಿ ನಿನ್ನ ಹೆಸರೇ ಇಲ್ವಲ್ಲ! ಪುಕ್ಕಟೆ ಕಿಡಿ ನೋಡೋಕೆ ಬರ್ತೀಯಾ?" ಎಂದರು. ಎಲ್ಲರೂ ನಕ್ಕರು. ಆಮೇಲೆ ನಾನು ಮಾಡಿದ ಬೆಸುಗೆಯ ಮೇಲೆ ಬೆರಳಾಡಿಸಿ, "ಹೊಲಿಗೆ ಹಾಕ್ದಂಗಿದೆ. ನೀನೆಲ್ಲೂ ಹೋಗ್ಬೇಡ," ಎಂದು ಹೆಸರು ಬರೆದುಕೊಂಡರು.

ತರಗತಿ ಮುಗಿಯಲು ಇನ್ನೂ ಐದು ವಾರವಿದೆ. ನಡುವೆ ಬಿಟ್ಟರೆ ಹೆಸರು ಹೊಡೆದುಹಾಕುತ್ತಾರೆ. ಅಲ್ಲಿನ ಕೊಯ್ಲಿನ ಗುಂಪಿನಲ್ಲಿ ನೀನು ನನಗೆಂದು ಹಿಡಿದಿಟ್ಟ ಜಾಗವನ್ನು ಬೇರೆಯವರಿಗೆ ಕೊಡಲು ಮೇಸ್ತ್ರಿಗೆ ಹೇಳು. ಊರಿಂದ ಅಮ್ಮ ಫೋನ್ ಮಾಡಿದರೆ, ನಾನು ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೇನೆ ಎನ್ನು.

ಪಕ್ಕದ ಮನೆಯ ಕ್ರಿಸ್ಪಿನಾ ಕೊನೆಯ ಬಸ್ಸಿಗೆ ಅಲ್ಲಿಗೆ ಬರುತ್ತಿದ್ದಾಳೆ. ಪತ್ರದ ಜೊತೆ ನನ್ನ ಕೊಯ್ಲಿನ ಚಾಕುವನ್ನೂ ಅವಳ ಕೈಯಲ್ಲಿ ಕಳಿಸಿದ್ದೇನೆ. ನನ್ನ ಜಾಗಕ್ಕೆ ಬರುವವಳಿಗೆ ಕೊಡು. ಬೆಳಿಗ್ಗೆ ಚೆನ್ನಾಗಿ ಮಸೆದು, ಬಟ್ಟೆ ಸುತ್ತಿಟ್ಟೆ.

ನಿನ್ನ ತಂಗಿ
ಒಟೀಲಿಯಾ